ಮಾನ್‌ಸ್ಟರ್ಸ್ ಅನ್‌ಚೈನ್ಡ್: ಪರದೆ ಗೆದ್ದಿತಾ, ಗೊಂಬೆ ಗೆದ್ದಿತಾ? ಹೋದವರು, ವಿಡಿಯೋ ನೋಡಿದವರು ಎಲ್ಲರೂ ಹೇಳಿ

ಕೊಪ್ಪಳ_ಕೋಸ್ಟರ್:
ಅಮೆರಿಕದ ಒರ್ಲಾಂಡೊದ ಎಪಿಕ್ ಯೂನಿವರ್ಸ್ ಥೀಮ್ ಪಾರ್ಕ್‌ನಲ್ಲಿರುವ ಮಾನ್‌ಸ್ಟರ್ಸ್ ಅನ್‌ಚೈನ್ಡ್ ಈಗಿನ ಕಾಲದ ಅತ್ಯುತ್ತಮ ಡಾರ್ಕ್ ರೈಡಾ, ಅಂದರೆ ಗಾಡಿಯಲ್ಲಿ ಕೂರಿಸಿ ಕತ್ತಲ ಕೋಣೆಗಳಲ್ಲಿ ದೃಶ್ಯ ತೋರಿಸುತ್ತಾ ಹೋಗುವ ರೈಡಾ? ಅಭಿಮಾನಿಗಳಲ್ಲಿ ಬಹಳ ಜನ ಕಣ್ಣು ಮುಚ್ಚಿ ಹೌದು ಅನ್ನುತ್ತಿದ್ದಾರೆ. ನಾನು ಹತ್ತಿ ಇಳಿದು ಬಂದಿದ್ದೇನೆ. ನನ್ನ ಉತ್ತರ, ಮುಕ್ಕಾಲು ಹೌದು.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಪಾರ್ಕ್ ತೆರೆದದ್ದು 2025ರ ಮೇ 22ಕ್ಕೆ. ನೀರಾಟದ ಪಾರ್ಕ್ ಬಿಟ್ಟರೆ, ಆ ಊರಲ್ಲಿ ಯೂನಿವರ್ಸಲ್‌ನವರು 1999ರ ನಂತರ ಕಟ್ಟಿದ ಮೊದಲ ದೊಡ್ಡ ಪಾರ್ಕ್ ಇದು. ಒಳಗೆ ಐದು ಲೋಕಗಳು. ಅದರಲ್ಲಿ ಒಂದು ಡಾರ್ಕ್ ಯೂನಿವರ್ಸ್. ಅಲ್ಲಿ ಡಾರ್ಕ್‌ಮೂರ್ ಅಂತ ಒಂದು ಹಾಳು ಹಳ್ಳಿ ಕಟ್ಟಿದ್ದಾರೆ. ಹಳ್ಳಿಯ ತುದಿಗೆ ಫ್ರಾಂಕನ್‌ಸ್ಟೈನ್ ಬಂಗಲೆ. ರೈಡ್ ಇರುವುದು ಅದರೊಳಗೆ.

ಕಥೆ ಚಿಕ್ಕದು. ಫ್ರಾಂಕನ್‌ಸ್ಟೈನ್ ವಂಶದ ವಿಕ್ಟೋರಿಯಾ ಎಂಬ ವಿಜ್ಞಾನಿ ರಾಕ್ಷಸರನ್ನೆಲ್ಲ ಹಿಡಿದಿಟ್ಟಿದ್ದಾಳೆ. ಡ್ರಾಕುಲಾನನ್ನೂ ಪಳಗಿಸುತ್ತೇನೆ ಅಂತ ಪ್ರಯೋಗಕ್ಕೆ ಕೂರುತ್ತಾಳೆ. ಪ್ರಯೋಗ ಕೈಕೊಡುತ್ತದೆ. ತೋಳಮನುಷ್ಯ, ಮಮ್ಮಿ, ನೀರಿನ ಪ್ರಾಣಿ ಎಲ್ಲವೂ ಹೊರಬೀಳುತ್ತವೆ. ನಾವು ಮಧ್ಯೆ ಸಿಕ್ಕಿಕೊಳ್ಳುತ್ತೇವೆ.

ರೈಡ್ ಹತ್ತುವ ಮೊದಲಿನ ಕೋಣೆಯಲ್ಲೇ ಅರ್ಧ ಆಟ ಗೆದ್ದುಬಿಟ್ಟಿದ್ದಾರೆ. ಅಲ್ಲಿ ಫ್ರಾಂಕನ್‌ಸ್ಟೈನ್‌ನ ರಾಕ್ಷಸ ನಮ್ಮೆದುರೇ ನಿಂತು ಅಲುಗಾಡುತ್ತಾನೆ. ಯಂತ್ರದಿಂದ ಆಡುವ ಗೊಂಬೆ ಅಂತ ಗೊತ್ತಿದ್ದೂ ಮುಂದಿನ ಸಾಲಿನವರು ಒಂದು ಹೆಜ್ಜೆ ಹಿಂದೆ ಸರಿದರು. ನಾನೂ ಸರಿದೆ.

ನನ್ನ ತಕರಾರು ರೈಡ್‌ನ ವೇಗದ ಬಗ್ಗೆ. ಇಷ್ಟು ಒಳ್ಳೆಯ ಗೊಂಬೆಗಳನ್ನು ಮಾಡಿಟ್ಟು, ನೋಡೋಕೇ ಬಿಡುವುದಿಲ್ಲ. ಸೀಟು ರೋಬೋಟ್ ತೋಳಿನ ಮೇಲಿದೆ. ಒಂದು ಗೊಂಬೆ ಕಣ್ಣಿಗೆ ಬಿತ್ತು ಅನ್ನುವಷ್ಟರಲ್ಲಿ ಪಕ್ಕಕ್ಕೆ ತಿರುಗಿಸಿ ಎಳೆದುಕೊಂಡು ಹೋಗುತ್ತದೆ. ನಿಮಗೇನನ್ನಿಸಿತು?

ರಾಯಚೂರು_ಬಿಸಿಲು:
ನಾನು ಹೋಗಿಲ್ಲ. ಹೋಗುವ ಲಕ್ಷಣವೂ ಇಲ್ಲ. ಆದರೆ ಮೊಬೈಲ್‌ನಲ್ಲಿ ಸಿಕ್ಕ ವಿಡಿಯೋ ಒಂದನ್ನೂ ಬಿಟ್ಟಿಲ್ಲ. ನನಗೆ ಕಾಣಿಸಿದ್ದು ಇಷ್ಟೇ: ಗೊಂಬೆ, ಪರದೆ, ಗೊಂಬೆ, ಪರದೆ. ಪರದೆ ಬಂದ ಕೂಡಲೇ ನನಗೆ ಮಜಾ ಹೋಗುತ್ತದೆ. ಸಿನಿಮಾ ನೋಡೋಕೆ ಥಿಯೇಟರ್ ಇದೆಯಲ್ಲ. ಅದಕ್ಕೆ ವಿಮಾನ ಹತ್ತಿ ಫ್ಲೋರಿಡಾಕ್ಕೆ ಯಾಕೆ ಹೋಗಬೇಕು?

ಅದೇ ಪಾರ್ಕ್‌ನ ಹ್ಯಾರಿ ಪಾಟರ್ ರೈಡ್, ಅಂದರೆ ಬ್ಯಾಟಲ್ ಅಟ್ ದ ಮಿನಿಸ್ಟ್ರಿ, ಅದರಲ್ಲಂತೂ ಪರದೆ ಇನ್ನೂ ಜಾಸ್ತಿ. ಕ್ಯೂ ನಿಲ್ಲುವ ಹಜಾರವೇ ರೈಡ್‌ಗಿಂತ ಚೆನ್ನಾಗಿದೆ ಅಂತ ನನ್ನ ಅಭಿಪ್ರಾಯ.

ಬಳ್ಳಾರಿ_ಬೆಳಕು:
ಬಿಸಿಲು ಅವರೇ, ವಿಡಿಯೋ ನೋಡಿ ಡಾರ್ಕ್ ರೈಡ್ ತೂಗಬೇಡಿ. ನಾನು ನಾಟಕಕ್ಕೆ ಲೈಟಿಂಗ್ ಮಾಡುವವನು. ಕತ್ತಲಲ್ಲಿ ಕ್ಯಾಮೆರಾ ಕಾಣುವುದೇ ಬೇರೆ, ಕಣ್ಣು ಕಾಣುವುದೇ ಬೇರೆ.

ಕತ್ತಲಾದ ಕೂಡಲೇ ಮೊಬೈಲ್ ಕ್ಯಾಮೆರಾ ತಾನೇ ಬೆಳಕು ಏರಿಸಿಕೊಳ್ಳುತ್ತದೆ. ಮರೆಯಾಗಿರಬೇಕಾದ ಕಪ್ಪು ಗೋಡೆ, ಕಂಬಿ, ಪರದೆಯ ಅಂಚು ಎಲ್ಲ ಬಯಲಾಗುತ್ತವೆ. ಪರದೆ ಮಾತ್ರ ಬೆಳ್ಳಗೆ ಉರಿಯುತ್ತದೆ. ಅಲ್ಲಿ ಕೂತವನಿಗೆ ಹಾಗೆ ಕಾಣುವುದಿಲ್ಲ. ಅವನ ಕಣ್ಣು ಆಗಲೇ ಕತ್ತಲಿಗೆ ಒಗ್ಗಿರುತ್ತದೆ.

ಕಣ್ಣು ಪೂರ್ತಿ ಒಗ್ಗೋಕೆ 20ರಿಂದ 30 ನಿಮಿಷ ಬೇಕು. ಬಳ್ಳಾರಿಯ ಏಪ್ರಿಲ್ ಬಿಸಿಲಿನಿಂದ ಮನೆಯೊಳಗೆ ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನೀರಿನ ಚೊಂಬು ಎಲ್ಲಿದೆ ಅಂತ ತಡಕಾಡಬೇಕು. ಆ ಪಾರ್ಕ್ ಇರುವುದೂ ಫ್ಲೋರಿಡಾ ಬಿಸಿಲಲ್ಲಿ. ಹಾಗಾಗಿ ಕ್ಯೂ ಅನ್ನು ಮಬ್ಬು ಓಣಿಗಳಲ್ಲಿ ಸುತ್ತಿಸಿ ಸುತ್ತಿಸಿ ತರುತ್ತಾರೆ. ಜನ ಅದನ್ನು ಅಲಂಕಾರ ಅಂದುಕೊಳ್ಳುತ್ತಾರೆ. ಅಲಂಕಾರ ಹೌದು, ಜೊತೆಗೆ ಕಣ್ಣಿನ ತಯಾರಿಯೂ ಹೌದು. ಸೀಟಿಗೆ ಬರುವಷ್ಟರಲ್ಲಿ ಒಂದು ಸಣ್ಣ ದೀಪವೂ ದೊಡ್ಡದಾಗಿ ಕಾಣಬೇಕು.

ಗಂಗಾವತಿ_ಮೇಷ್ಟ್ರು:
ಪರದೆ ಬಂದು ಡಾರ್ಕ್ ರೈಡ್ ಕೆಟ್ಟಿತು ಅನ್ನುವವರಿಗೆ ಸ್ವಲ್ಪ ಹಳೆಯ ಲೆಕ್ಕ ಹೇಳುತ್ತೇನೆ. ನಿವೃತ್ತ ಮೇಷ್ಟ್ರು, ಉದ್ದ ಆದರೆ ತಡೆದುಕೊಳ್ಳಿ.

1862ರಲ್ಲಿ ಲಂಡನ್‌ನ ಒಂದು ವೇದಿಕೆಯ ಮೇಲೆ ಜಾನ್ ಹೆನ್ರಿ ಪೆಪ್ಪರ್ ದೆವ್ವ ತೋರಿಸಿದ. ಮಾಡಿದ್ದು ಇಷ್ಟು. ವೇದಿಕೆಯ ಮುಂದೆ ದೊಡ್ಡ ಗಾಜು ಓರೆಯಾಗಿ ನಿಲ್ಲಿಸಿದ. ಪ್ರೇಕ್ಷಕರಿಗೆ ಕಾಣದ ತಗ್ಗಿನಲ್ಲಿ ನಟನನ್ನು ನಿಲ್ಲಿಸಿ ಅವನ ಮೇಲೆ ಬೆಳಕು ಬಿಟ್ಟ. ಗಾಜಿನಲ್ಲಿ ಅವನ ಬಿಂಬ ಮೂಡಿತು. ಬೆಳಕು ಆರಿಸಿದರೆ ದೆವ್ವ ಮಾಯ. 1969ರಲ್ಲಿ ಡಿಸ್ನಿಲ್ಯಾಂಡ್‌ನಲ್ಲಿ ಹಾಂಟೆಡ್ ಮ್ಯಾನ್ಷನ್ ಶುರುವಾದಾಗ ಊಟದ ಹಾಲ್‌ನ ದೃಶ್ಯಕ್ಕೆ ಇದೇ ತಂತ್ರ ಬಳಸಿದರು. ಕುಣಿಯುವ ಜೋಡಿಗಳೆಲ್ಲ ಗಾಜಿನ ಬಿಂಬ. ಬಿಂಬದಲ್ಲಿ ಎಡಬಲ ಅದಲುಬದಲಾಗುತ್ತದೆ. ಅದಕ್ಕೇ ಅಲ್ಲಿ ಹೆಂಗಸರೇ ಗಂಡಸರನ್ನು ಕುಣಿಸುತ್ತಿರುವಂತೆ ಕಾಣುತ್ತದೆ. ನೋಡುವ ಚಟ ಇದ್ದವರಿಗೆ ಮಾತ್ರ ಇದು ಗೊತ್ತಾಗುತ್ತದೆ.

ಇನ್ನು ಗಾಡಿ. 1928ರಲ್ಲಿ ಅಮೆರಿಕದ ಲಿಯೋನ್ ಕ್ಯಾಸಿಡಿ ಪ್ರೆಟ್ಜೆಲ್ ಅನ್ನೋ ರೈಡ್ ತಂದ. ಒಂದೇ ಕಂಬಿ. ಅದರ ಮೇಲೆ ಗಾಡಿ ಕತ್ತಲಲ್ಲಿ ತಿರುತಿರುಗಿ ಹೋಗುತ್ತದೆ. ಬಾಗಿಲಿಗೆ ಡಬ್ ಅಂತ ಗುದ್ದಿ ಒಳಗೆ ನುಗ್ಗುತ್ತದೆ. ಕಟ್ಟೋಕೆ ಖರ್ಚು ಕಡಿಮೆ, ಎಲ್ಲ ಊರಿಗೂ ಹೋಯಿತು. ನಮ್ಮ ಜಾತ್ರೆಯ ಭೂತ ಬಂಗಲೆ ಅದರ ದೂರದ ನೆಂಟ.

1955ರಲ್ಲಿ ಡಿಸ್ನಿಲ್ಯಾಂಡ್ ಬಂತು. 1967ಕ್ಕೆ ಪೈರೇಟ್ಸ್ ಆಫ್ ದ ಕೆರಿಬಿಯನ್. ಕಾಲು ಗಂಟೆ ಹತ್ತಿರ ದೋಣಿಯಲ್ಲಿ ಕೂತು ನೋಡುವಂಥದ್ದು. ಗೊಂಬೆಯೇ ದೊಡ್ಡದು ಅನ್ನುವವರ ಪಾಲಿಗೆ ಇದೇ ಅಳತೆಗೋಲು. 1999ರ ಸ್ಪೈಡರ್‌ಮ್ಯಾನ್ ರೈಡ್ ಪರದೆಯನ್ನು ನಿಜವಾದ ಸೆಟ್ ಜೊತೆ ಬೆಸೆಯಿತು. ಆಗ ಯಾರೂ ಬೈಯಲಿಲ್ಲ, ಎಲ್ಲರೂ ಬಾಯಿ ಬಿಟ್ಟು ನೋಡಿದರು. ಬೈಗುಳ ಶುರುವಾದದ್ದು ಆಮೇಲೆ. ಒಂದರ ಹಿಂದೊಂದು ಪರದೆ ರೈಡ್ ಕಟ್ಟಿದರು. 2018ರಲ್ಲಿ ಬಂದ ಫಾಸ್ಟ್ ಆಂಡ್ ಫ್ಯೂರಿಯಸ್ ರೈಡ್ ಅಭಿಮಾನಿಗಳ ಬಾಯಲ್ಲಿ ಇವತ್ತಿಗೂ ನಗೆಪಾಟಲು.

ಪರದೆಯನ್ನು ಬೈದು ಪ್ರಯೋಜನವಿಲ್ಲ. ಬೈಯಬೇಕಾದದ್ದು ಸೋಮಾರಿತನವನ್ನು.

ರಾಯಚೂರು_ಬಿಸಿಲು:
ಮೇಷ್ಟ್ರೇ, ಒಪ್ಪಿದೆ ಅಂತ ಹೇಳಲ್ಲ. ಆದರೆ ಹೆಂಗಸರೇ ಕುಣಿಸುವ ವಿಷಯ ಚೆನ್ನಾಗಿದೆ. ಮನೆಯಲ್ಲಿ ಹೇಳಿದೆ. ಅದರಲ್ಲೇನು ವಿಶೇಷ ಅಂದಳು.

ಕಿನ್ನಾಳ_ಓಣಿ:
ನಮ್ಮ ಮನೆತನದಲ್ಲಿ ಗೊಂಬೆ ಮಾಡುತ್ತಾರೆ. ಹಾಗಾಗಿ ನಾನು ಯಾವ ಕಡೆ ಅಂತ ನೀವೇ ಊಹಿಸಿರುತ್ತೀರಿ. ಆದರೂ ಕೇಳಿ.

ಕಿನ್ನಾಳದ ಗೊಂಬೆ ಮರದ್ದು. ಮೇಲೆ ಹುಣಸೆ ಬೀಜದ ಅಂಟು ಸೇರಿಸಿದ ಲೇಪ, ಅದರ ಮೇಲೆ ಬಣ್ಣ. ಗರುಡ ಇರಲಿ, ಹನುಮಂತ ಇರಲಿ, ಕಣ್ಣು ಬರೆಯುವುದನ್ನು ಕೊನೆಗೆ ಇಡುತ್ತೇವೆ. ಒಂದೇ ಕಡೆಯಿಂದ ನೋಡೋಕೆ ಮಾಡಿದ ಗೊಂಬೆ ಅಲ್ಲ ಅದು. ಸುತ್ತ ಬಂದು ನೋಡಬಹುದು. ನೀವು ಸರಿದಂತೆ ಅದರ ನೆರಳೂ ಸರಿಯುತ್ತದೆ. ಪರದೆಗೆ ಈ ಗುಣ ಬರುವುದಿಲ್ಲ. ಎಲ್ಲಿ ಕೂತರೂ ಅದೇ ಚಿತ್ರ.

ಕೋಸ್ಟರ್ ಅಣ್ಣ ಹೇಳಿದ ವೇಗದ ಮಾತು ನನಗೆ ಸರಿ ಕಾಣಿಸುತ್ತದೆ. ಯಾವುದೇ ಗೊಂಬೆಯನ್ನು ಕಣ್ಣು ಮೊದಲು ಆಕಾರವಾಗಿ ಹಿಡಿಯುತ್ತದೆ. ಆಮೇಲೆ ಮುಖ. ಆಮೇಲೆ ಕೈ. ಕೈ ತನಕ ಬರೋಕೆ ಎರಡು ಉಸಿರು ಬೇಕು. ಅಷ್ಟೂ ಸಮಯ ಕೊಡದಿದ್ದರೆ ಬೆರಳು ಕೆತ್ತಿದ್ದು ದಂಡ. ರಟ್ಟಿನಲ್ಲಿ ಕತ್ತರಿಸಿ ನಿಲ್ಲಿಸಿದರೂ ನಡೆಯುತ್ತಿತ್ತು.

ತೋರಣಗಲ್ಲು_ಪಾಳಿ:
ಯಂತ್ರದ ಕಡೆಯಿಂದ ನಾನು ಹೇಳುತ್ತೇನೆ. ಮೆಂಟೆನೆನ್ಸ್ ನನ್ನ ಕೆಲಸ, ರೋಬೋಟ್ ತೋಳಿನ ಜೊತೆ ದಿನಾ ಜಗಳ.

ಈ ತೋಳುಗಳು ಹುಟ್ಟಿದ್ದು ಕಾರ್ಖಾನೆಗೆ. ಕಾರಿನ ಬಾಡಿ ವೆಲ್ಡ್ ಮಾಡೋಕೆ, ಭಾರ ಎತ್ತೋಕೆ. ಜರ್ಮನಿಯ ಕುಕಾ ಕಂಪನಿಯ ತೋಳಿನ ತುದಿಗೆ ಸೀಟು ಕೂರಿಸಿ ಮನುಷ್ಯರನ್ನು ಹತ್ತಿಸಿದರು. ಆಮೇಲೆ ಆ ತೋಳನ್ನೇ ಚಲಿಸುವ ಹಳಿಯ ಮೇಲಿಟ್ಟರು. 2010ರ ಹ್ಯಾರಿ ಪಾಟರ್ ರೈಡ್ ಫಾರ್ಬಿಡನ್ ಜರ್ನಿ ಹಾಗೆ ಮಾಡಿ ಹೆಸರು ಮಾಡಿತು. ಮಾನ್‌ಸ್ಟರ್ಸ್ ಅದೇ ಜಾತಿ, ಒಂದು ತಲೆಮಾರು ಮುಂದಿನದು.

ಈಗ ವೇಗದ ಪ್ರಶ್ನೆ. ತೋಳು ನಿಧಾನವಾಗಿ ಹೋಗಬಲ್ಲದು. ಆದರೆ ಹಿಂದೆ ಇನ್ನೊಂದು ಗಾಡಿ ಬರುತ್ತಿರುತ್ತದೆ. ಹಳಿಯನ್ನು ತುಂಡು ತುಂಡಾಗಿ ವಿಂಗಡಿಸಿರುತ್ತಾರೆ. ಒಂದು ತುಂಡಿನಲ್ಲಿ ಒಂದೇ ಗಾಡಿ ಇರಬೇಕು. ಮುಂದಿನದು ಖಾಲಿಯಾಗದೆ ಹಿಂದಿನದು ಒಳಗೆ ಬರುವಂತಿಲ್ಲ. ರೈಲಿನ ಸಿಗ್ನಲ್ ಲೆಕ್ಕವೇ. ನೀವು ತೋಳಮನುಷ್ಯನ ಮುಂದೆ ಹತ್ತು ಸೆಕೆಂಡ್ ಜಾಸ್ತಿ ನಿಂತರೆ ಹಿಂದಿನವರೆಲ್ಲ ಹತ್ತು ಸೆಕೆಂಡ್ ನಿಲ್ಲಬೇಕು. ಗಂಟೆಗೆ ಹತ್ತುವವರ ಸಂಖ್ಯೆ ಬೀಳುತ್ತದೆ. ಹೊರಗೆ ಕ್ಯೂ ಬೆಳೆಯುತ್ತದೆ. ಬೈಗುಳವೂ ಬೆಳೆಯುತ್ತದೆ.

ಹಾಂಟೆಡ್ ಮ್ಯಾನ್ಷನ್‌ನಲ್ಲಿ ಈ ತಲೆನೋವು ಕಡಿಮೆ. ಅಲ್ಲಿ ಗಾಡಿಗಳೆಲ್ಲ ಒಂದೇ ಸರಪಳಿಯ ಹಾಗೆ ಜೋಡಿಸಿವೆ. ಸಾಮಾನ್ಯವಾಗಿ ನಿಲ್ಲುವುದೇ ಇಲ್ಲ, ಒಂದೇ ನಿಧಾನ ವೇಗ. ಗಾಡಿಯ ಬೆನ್ನು ಎತ್ತರ, ಎರಡೂ ಪಕ್ಕ ಮರೆ. ಬೇಕಾದ ಕಡೆಗೆ ಗಾಡಿಯೇ ತಿರುಗುತ್ತದೆ. ನೀವು ಎಲ್ಲಿ ನೋಡಬೇಕು ಅಂತ ನಿರ್ಧರಿಸುವವರು ಅವರು. ಹಿಂದೆ ಏನಿದೆ ಅಂತ ಕತ್ತು ತಿರುಗಿಸೋಕೆ ಜಾಗವಿಲ್ಲ. 1969ರ ಯಂತ್ರ ಇವತ್ತಿಗೂ ಓಡುತ್ತಿದೆ ಅಂದರೆ ಕೈ ಮುಗಿಯಬೇಕು.

ಸಿಂಧನೂರು_ತಾಯಿ:
ನೀವೆಲ್ಲ ಯಂತ್ರ, ಗಾಜು ಅಂತ ಕೂತಿದ್ದೀರಿ. ಮಕ್ಕಳನ್ನು ಕರೆದುಕೊಂಡು ಹೋಗುವವರ ಕಷ್ಟ ಕೇಳಿ. ಭಯ ಪಡಿಸಲೇಬೇಕಾ? ಡಾರ್ಕ್ ರೈಡ್ ಅಂದರೆ ದೆವ್ವ ಅಂತ ಯಾರು ಹೇಳಿದರು?

ನನಗೆ ಇಷ್ಟವಾದ ಹೊಸ ರೈಡ್ ಟಿಯಾನಾಸ್ ಬಯೂ ಅಡ್ವೆಂಚರ್. 2024ರ ಜೂನ್ 28ಕ್ಕೆ ಡಿಸ್ನಿಯ ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ ತೆರೆಯಿತು. ನಾನೂ ವಿಡಿಯೋದಲ್ಲೇ ನೋಡಿದ್ದು. ಮೊದಲಿದ್ದ ಸ್ಪ್ಲ್ಯಾಶ್ ಮೌಂಟನ್ ಅನ್ನು ಬದಲಾಯಿಸಿ ಮಾಡಿದ್ದು. ಹಬ್ಬದ ಪಾರ್ಟಿಗೆ ವಾದ್ಯಗಾರರನ್ನು ಹುಡುಕಿಕೊಂಡು ಹೋಗುವುದೇ ಕಥೆ. ಕೇಡಿಗ ಇಲ್ಲ, ಹಾಗಾಗಿ ಕಥೆಯಲ್ಲಿ ಬಿಗಿ ಇಲ್ಲ ಅಂತ ಅಭಿಮಾನಿಗಳು ಮುಖ ಸಿಂಡರಿಸಿದರು. ಗೊಂಬೆಗಳನ್ನು ಮಾತ್ರ ಎಲ್ಲರೂ ಹೊಗಳಿದರು. ಕೇಡಿಗ ಬೇಡ ಬಿಡಿ. ಕೊನೆಗೆ 50 ಅಡಿಯಿಂದ ಕೆಳಗೆ ಬೀಳಿಸುತ್ತಾರಲ್ಲ, ಸಾಲದಾ?

ಬಳ್ಳಾರಿ_ಬೆಳಕು:
ಅಕ್ಕಾ, ಅಲ್ಲೇ ತೊಂದರೆ. ಬೀಳುವುದಕ್ಕೆ ಕಾರಣ ಬೇಕು. ಹಳೆಯ ಸ್ಪ್ಲ್ಯಾಶ್‌ನಲ್ಲಿ ಮೊಲವನ್ನು ನರಿ ಹಿಡಿದಿರುತ್ತದೆ. ಮೇಲೆ ಏರುವಾಗ ರಣಹದ್ದುಗಳು ಕೂತು ಹೆದರಿಸುತ್ತವೆ. ಆಮೇಲೆ ಬೀಳುತ್ತೀರಿ. ಹೊಸದರಲ್ಲಿ ಸುಮ್ನೆ ಬೀಳುತ್ತೀರಿ. ನಾಟಕದಲ್ಲಿ ಲೈಟ್ ಆರಿಸಿದರೂ ಜನ ಯಾಕೆ ಅಂತ ಕೇಳುತ್ತಾರೆ.

ಸಿಂಧನೂರು_ತಾಯಿ:
ನನ್ನ ಮಗ ಕೇಳುವುದಿಲ್ಲ ತಮ್ಮಾ. ಇನ್ನೊಮ್ಮೆ ಅನ್ನುತ್ತಾನೆ.

ಇನ್ನೊಂದು ವಿಷಯ. ನಾವು ಒಂದು ಪಾರ್ಕ್‌ಗೆ ಹೋಗಿದ್ದೆವು, ಹೆಸರು ಬೇಡ. ಅಲ್ಲಿಯ ಭೂತದ ರೈಡ್ ಅರ್ಧಕ್ಕೆ ನಿಂತಿತು. ಟ್ಯೂಬ್‌ಲೈಟ್ ಎಲ್ಲ ಹತ್ತಿತು. ನೋಡಿದರೆ ಸುತ್ತ ಕಪ್ಪು ಬಳಿದ ಪ್ಲೈವುಡ್. ಒಂದು ಮೂಲೆಯಲ್ಲಿ ಕಸಬರಿಗೆ, ಬಕೆಟ್. ಅಷ್ಟು ಹೊತ್ತು ಕಿರುಚಿಸಿದ ಅಸ್ಥಿಪಂಜರ ಅಂಗಿ ಹ್ಯಾಂಗರ್‌ಗೆ ತೂಗುಬಿದ್ದಿತ್ತು. ನನ್ನ ಮಗಳು ಅಳೋದು ನಿಲ್ಲಿಸಿ ನಗೋಕೆ ಶುರು ಮಾಡಿದಳು. ಅವಳಿಗೆ ಇಡೀ ದಿನದಲ್ಲಿ ಅತಿ ಇಷ್ಟವಾದದ್ದು ಅದೇ.

ಬಳ್ಳಾರಿ_ಬೆಳಕು:
ನಿಮ್ಮ ಮಗಳನ್ನು ನಮ್ಮ ತಂಡಕ್ಕೆ ಕಳಿಸಿ.

ಕಪ್ಪು ಪ್ಲೈವುಡ್ ಬಗ್ಗೆ ನಗಬೇಡಿ ಮತ್ತೆ. ದೊಡ್ಡ ದೊಡ್ಡ ರೈಡ್‌ನಲ್ಲೂ ಅದೇ ಇರುವುದು. ಗೋಡೆಗೆ ಹೊಳಪಿಲ್ಲದ ಕಪ್ಪು, ಗೊಂಬೆಗೆ ಫ್ಲೋರೆಸೆಂಟ್ ಬಣ್ಣ, ಮೇಲಿನಿಂದ ಯುವಿ, ಅಂದರೆ ನೇರಳಾತೀತ ದೀಪ. ಯುವಿ ಬೆಳಕು ಕಣ್ಣಿಗೆ ಹೆಚ್ಚುಕಡಿಮೆ ಕಾಣುವುದಿಲ್ಲ. ಬಣ್ಣ ಅದನ್ನು ಹೀರಿಕೊಂಡು ಕಾಣುವ ಬೆಳಕಾಗಿ ಹೊರಗೆ ಬಿಡುತ್ತದೆ. ಹಾಗಾಗಿ ಗೊಂಬೆ ತಾನೇ ಉರಿದಂತೆ ಕಾಣುತ್ತದೆ, ಗೋಡೆ ಇಲ್ಲವೇ ಇಲ್ಲ ಅನ್ನಿಸುತ್ತದೆ. ಬಿಳಿ ಅಂಗಿ ಹಾಕಿಕೊಂಡು ಹೋದರೆ ನೀವೂ ಹೊಳೆಯುತ್ತೀರಿ. ಒಗೆಯುವ ಪುಡಿಯಲ್ಲಿ ಆ ಗುಣ ಇದೆ.

ಹಟ್ಟಿ_ಪಾಳಿ:
ಕತ್ತಲೆಯ ವಿಷಯಕ್ಕೆ ನಾನೂ ಬರುತ್ತೇನೆ. ಚಿನ್ನದ ಗಣಿಯಲ್ಲಿ ಕೆಲಸ. ಕೆಳಗೆ ಟೋಪಿ ದೀಪ ಆರಿಸಿದರೆ ಕೈ ಕಣ್ಣಿನ ಮುಂದೆ ತಂದರೂ ಕಾಣುವುದಿಲ್ಲ. ಅಲ್ಲಿ ಒಗ್ಗುವುದು ಅಂತ ಏನೂ ಇಲ್ಲ, ಎಷ್ಟು ಹೊತ್ತಾದರೂ ಅಷ್ಟೇ. ಹೊಸಬರು ಅಂಥ ಕತ್ತಲೆಗೆ ಹೆದರುತ್ತಾರೆ ಅಂದುಕೊಂಡಿರಾ? ಇಲ್ಲ. ಸುಮ್ಮನೆ ನಿಂತುಬಿಡುತ್ತಾರೆ. ಹೆದರುವುದು ದೂರದಲ್ಲಿ ಯಾರದೋ ದೀಪ ಅಲುಗಾಡಿ ಗೋಡೆಯ ಮೇಲೆ ನೆರಳು ಎದ್ದಾಗ.

ಪೂರ್ತಿ ಕತ್ತಲೆ ಯಾರನ್ನೂ ಕಿರುಚಿಸುವುದಿಲ್ಲ. ಅರೆಗತ್ತಲೆ ಕಿರುಚಿಸುತ್ತದೆ. ರೈಡ್ ಮಾಡುವವರು ಇದನ್ನು ಅರಿತವರು ಅನ್ನಿಸುತ್ತದೆ.

ಕೊಪ್ಪಳ_ಕೋಸ್ಟರ್:
ಹಟ್ಟಿ ಅಣ್ಣಾ, ನೂರಕ್ಕೆ ನೂರು. ಮಾನ್‌ಸ್ಟರ್ಸ್‌ನಲ್ಲಿ ಡ್ರಾಕುಲಾನ ಭಾಗ ನನಗೆ ಹಿಡಿಸಿದ್ದು ಅದಕ್ಕೇ. ಪೂರ್ತಿ ತೋರಿಸುವುದಿಲ್ಲ. ಅಲ್ಲಿದ್ದಾನೆ ಅನ್ನುವಷ್ಟು ಮಾತ್ರ.

ಬಿಸಿಲು ಕೇಳಿದ ಪರದೆಯ ವಿಷಯ. ಇವೆ, ಇಲ್ಲ ಅನ್ನುವುದಿಲ್ಲ. ಆದರೆ ನನ್ನ ಕಣ್ಣಿಗೆ ಅವು ಒಂದು ಕೋಣೆಯಿಂದ ಇನ್ನೊಂದಕ್ಕೆ ದಾಟಿಸುವ ಕೆಲಸ ಮಾಡುತ್ತವೆ. ಮುಖ್ಯ ಗಳಿಗೆಯಲ್ಲಿ ಎದುರಿಗೆ ಇರುವುದು ಗೊಂಬೆ. ಫಾರ್ಬಿಡನ್ ಜರ್ನಿಯಲ್ಲಿ ಇದು ತಿರುಗುಮುರುಗು. ಮುಖ್ಯ ಗಳಿಗೆ ಪರದೆಯಲ್ಲಿ, ದಾಟುವಾಗ ಗೊಂಬೆ.

ಗಂಗಾವತಿ_ಮೇಷ್ಟ್ರು:
ಇದು ಒಳ್ಳೆಯ ಗುರುತು. ಹಾಗೇ ನೋಡಿದರೆ ಪರದೆಯ ಪರವಾಗಿ ದೊಡ್ಡ ಸಾಕ್ಷಿ ಶಾಂಘೈ ಡಿಸ್ನಿಲ್ಯಾಂಡ್. ಅಲ್ಲಿ 2016ರಲ್ಲಿ ತೆರೆದ ಪೈರೇಟ್ಸ್ ರೈಡ್‌ನಲ್ಲಿ ಪರದೆಗಳು ದೋಣಿಗಿಂತ ಎಷ್ಟೋ ಪಟ್ಟು ದೊಡ್ಡವು. ಸೆಟ್ ಎಲ್ಲಿ ಮುಗಿಯಿತು, ಪರದೆ ಎಲ್ಲಿ ಶುರುವಾಯಿತು ಅಂತ ಹೇಳೋಕಾಗಲ್ಲ. ದೋಣಿಯನ್ನು ಅಯಸ್ಕಾಂತದ ಬಲದಿಂದ ನಡೆಸುತ್ತಾರೆ. ಬೇಕಾದಲ್ಲಿ ನಿಲ್ಲುತ್ತದೆ, ಹಿಂದಕ್ಕೂ ಹೋಗುತ್ತದೆ, ಅಡ್ಡಡ್ಡವೂ ಹೋಗುತ್ತದೆ. ಗೊಂಬೆ ಪಕ್ಷದವರೂ ಅದನ್ನು ಬೈಯುವುದಿಲ್ಲ.

ಇನ್ನೊಂದು ತುದಿಗೆ ಟೋಕಿಯೋ ಡಿಸ್ನಿಲ್ಯಾಂಡ್. 2000ದಲ್ಲೇ ಅಲ್ಲಿ ಹಳಿಯೇ ಇಲ್ಲದ ಗಾಡಿಗಳ ರೈಡ್ ಬಂತು, ಪೂಹ್ಸ್ ಹನಿ ಹಂಟ್. 2020ರಲ್ಲಿ ಬ್ಯೂಟಿ ಆಂಡ್ ದ ಬೀಸ್ಟ್. ಅಲ್ಲಿ ಗಾಡಿ ಸಂಗೀತಕ್ಕೆ ತಕ್ಕ ಹಾಗೆ ನಿಧಾನವಾಗಿ ತೂಗುತ್ತದೆ. ಕಿನ್ನಾಳದವರು ಕೇಳಿದ ಎರಡು ಉಸಿರು ಅಲ್ಲ, ಇಡೀ ಹಾಡಿನಷ್ಟು ಸಮಯ ಗೊಂಬೆಯ ಮುಂದೆ ಸಿಗುತ್ತದೆ.

ರಾಯಚೂರು_ಬಿಸಿಲು:
ಅಷ್ಟು ಹೊತ್ತು ನೋಡಿದರೆ ನಿದ್ದೆ ಬರುತ್ತದೆ. ನನಗೆ ಎಳೆದಾಡಬೇಕು.

ಮೊರನಾಳ_ದಾರಿ:
ಇಷ್ಟು ಹೊತ್ತು ಓದುತ್ತಾ ಕೂತಿದ್ದೆ. ಕೊಪ್ಪಳ, ಬಳ್ಳಾರಿಯವರು ಸೇರಿ ಪರದೆ ಕೆಟ್ಟದ್ದು ಅನ್ನುತ್ತಿದ್ದೀರಲ್ಲ, ಆಶ್ಚರ್ಯ. ನಮ್ಮ ಕಡೆಯ ತೊಗಲುಗೊಂಬೆ ಆಟ ಏನು ಹಾಗಾದರೆ? ಬಿಳಿ ಪಂಚೆ ಕಟ್ಟಿದ ಪರದೆ. ಹಿಂದೆ ದೀಪ. ಜನ ರಾತ್ರಿ ಇಡೀ ಕೂತು ನೋಡುತ್ತಿದ್ದರು. ಮೊರನಾಳದ ಭೀಮವ್ವ ಶಿಳ್ಳೇಕ್ಯಾತರಿಗೆ 2025ರಲ್ಲಿ ಪದ್ಮಶ್ರೀ ಬಂದದ್ದು ಪರದೆಯ ಕಲೆಗೇ. ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ಗಾಂಧೀಜಿ ಕಥೆಯನ್ನು ತೊಗಲುಗೊಂಬೆಯಲ್ಲಿ ಆಡಿಸಿ ಊರೂರು ತಿರುಗಿದ್ದೂ ಪರದೆ ಹಿಡಿದುಕೊಂಡೇ.

ಆದರೆ ಅದು ಸಿನಿಮಾ ಪರದೆಯ ಹಾಗಲ್ಲ. ತೊಗಲನ್ನು ಹದ ಮಾಡಿ ತೆಳ್ಳಗೆ, ಬೆಳಕು ತೂರುವ ಹಾಗೆ ಮಾಡಿರುತ್ತಾರೆ. ಕಪ್ಪು ನೆರಳು ಬೀಳುವುದಿಲ್ಲ, ಬಣ್ಣದ ನೆರಳು ಬೀಳುತ್ತದೆ. ಗೊಂಬೆ ಪರದೆಗೆ ಒತ್ತಿ ನಿಂತರೆ ಗೆರೆ ಗೆರೆ ಸ್ಪಷ್ಟ. ಒಂದು ಗೇಣು ಹಿಂದೆ ತಂದರೆ ದೊಡ್ಡದಾಗಿ, ಮಸುಕಾಗಿ ಹರಡುತ್ತದೆ. ರಾವಣ ಬರುವಾಗ ಹಾಗೆ ತರುತ್ತಾರೆ. ಎಣ್ಣೆ ದೀಪದ ಕಾಲದಲ್ಲಿ ಜ್ವಾಲೆ ಅಲುಗಿದರೆ ಗೊಂಬೆಯೂ ಉಸಿರಾಡಿದಂತೆ ಕಾಣುತ್ತಿತ್ತಂತೆ, ಹಿರಿಯರು ಹೇಳುತ್ತಾರೆ.

ಅಲ್ಲಿ ಪರದೆಯ ಹಿಂದೆ ಕೈ ಇದೆ. ಜನ ನಕ್ಕರೆ ಹಾಸ್ಯದ ಗೊಂಬೆ ಕಿಳ್ಳೇಕ್ಯಾತನ ಮಾತು ಇನ್ನೂ ನಾಲ್ಕು ಜಾಸ್ತಿಯಾಗುತ್ತದೆ. ಮಕ್ಕಳು ಅತ್ತರೆ ರಾಕ್ಷಸ ಬೇಗ ಹೋಗುತ್ತಾನೆ. ರೈಡ್‌ನ ಪರದೆ ನಿಮ್ಮನ್ನು ನೋಡುತ್ತಿಲ್ಲ. ನನಗೆ ಕೊರತೆ ಅನ್ನಿಸುವುದು ಅಲ್ಲಿ. ಹಾಗೆ ನೋಡಿದರೆ ಗೊಂಬೆಯೂ ನಿಮ್ಮನ್ನು ನೋಡುತ್ತಿಲ್ಲ. ಮುಂಚೆ ರೆಕಾರ್ಡ್ ಮಾಡಿದ್ದನ್ನೇ ದಿನಕ್ಕೆ ನೂರಾರು ಸಲ ಆಡುತ್ತದೆ. ಎರಡೂ ಒಂದೇ.

ಕಿನ್ನಾಳ_ಓಣಿ:
ಒಂದೇ ಅಲ್ಲ. ಗೊಂಬೆ ನಿಮ್ಮನ್ನು ನೋಡದಿದ್ದರೂ ನಿಮ್ಮ ಜಾಗದಲ್ಲೇ ಇರುತ್ತದೆ. ನೀವು ಉಸಿರಾಡುವ ಗಾಳಿಯಲ್ಲಿ. ಅದು ಸಾಕಷ್ಟು ದೊಡ್ಡ ವಿಷಯ. ತೇರಿನ ಗೊಂಬೆಯೂ ಯಾರನ್ನೂ ನೋಡುವುದಿಲ್ಲ. ಜನ ಸುಮ್ಮನೆ ಇರುತ್ತಾರಾ?

ಮೊರನಾಳ_ದಾರಿ:
ತೇರಿನಲ್ಲಿ ಭಕ್ತಿ ಇದೆ. ಅದನ್ನು ಇಲ್ಲಿಗೆ ತರಬೇಡಿ.

ತೋರಣಗಲ್ಲು_ಪಾಳಿ:
ಮೊರನಾಳದವರ ಮಾತಿಗೆ ಯಂತ್ರದವನ ಉತ್ತರ ಇದೆ. ಈಗೀಗ ಗೊಂಬೆಗಳಲ್ಲಿ ಹೈಡ್ರಾಲಿಕ್ ಎಣ್ಣೆಯ ಬದಲು ವಿದ್ಯುತ್ ಮೋಟಾರ್ ಬಂದಿವೆ. ಹಳೆಯವು ಎಣ್ಣೆ ಸೋರುತ್ತಿದ್ದವು. ಕೈ ಎತ್ತಿದರೆ ಕೊನೆಗೆ ಸಣ್ಣದಾಗಿ ನಡುಗುತ್ತಿದ್ದವು. ಮೋಟಾರ್‌ನಲ್ಲಿ ಎತ್ತಿದ ಕೈ ಎಲ್ಲಿ ನಿಲ್ಲಬೇಕೋ ಅಲ್ಲೇ ನಿಲ್ಲುತ್ತದೆ. ಸೆನ್ಸರ್ ಇಟ್ಟರೆ ಪ್ರೇಕ್ಷಕರ ಕಡೆ ತಲೆ ತಿರುಗಿಸುವುದೂ ಕಷ್ಟವಲ್ಲ. ಕಷ್ಟ ಇರುವುದು ಕಾಪಾಡಿಕೊಳ್ಳುವುದರಲ್ಲಿ. ಬೆಳಿಗ್ಗೆಯಿಂದ ರಾತ್ರಿ ತನಕ, ವಾರಕ್ಕೆ ಏಳು ದಿನ, ಅದೇ ಕೈ ಅದೇ ಕೋನಕ್ಕೆ ಏಳಬೇಕು. ಒಂದು ಬೇರಿಂಗ್ ಸವೆದರೆ ರಾಕ್ಷಸನ ಭುಜ ಜಾರುತ್ತದೆ.

ನಮ್ಮ ದೇಶದ ಪಾರ್ಕ್‌ಗಳು ಡಾರ್ಕ್ ರೈಡ್ ಜಾಸ್ತಿ ಮಾಡದೆ ಇರುವುದಕ್ಕೆ ನನ್ನ ಪ್ರಕಾರ ಕಾರಣ ಇದೇ. ತಿರುಗುವ ಕಬ್ಬಿಣದ ರೈಡ್‌ಗೆ ಗ್ರೀಸ್, ಬೋಲ್ಟ್ ನೋಡಿಕೊಂಡರೆ ಆಯಿತು. ಡಾರ್ಕ್ ರೈಡ್‌ಗೆ ದೀಪ, ಬಟ್ಟೆ, ಬಣ್ಣ, ಧ್ವನಿ, ಗೊಂಬೆ, ಎಸಿ ಎಲ್ಲಕ್ಕೂ ಆಳು ಬೇಕು. ಒಂದು ಸ್ಪೀಕರ್ ಸತ್ತರೆ ಇಡೀ ಕೋಣೆ ಸತ್ತ ಹಾಗೆ.

ಕೊಪ್ಪಳ_ಕೋಸ್ಟರ್:
ಭಾರತದಲ್ಲಿ ಇಲ್ಲವೇ ಇಲ್ಲ ಅಂತ ಅಲ್ಲ. ಮುಂಬೈ–ಪುಣೆ ದಾರಿಯ ಖೋಪೋಲಿ ಹತ್ತಿರ 2013ರಲ್ಲಿ ಶುರುವಾದ ಇಮ್ಯಾಜಿಕಾ ಆ ಕಡೆ ಧೈರ್ಯ ಮಾಡಿತು. ಸಲೀಂಗಢ ಅಂತ ದೆವ್ವದ ರೈಡ್. ಅಲಿಬಾಬಾ ರೈಡ್‌ನಲ್ಲಿ ಗಾಡಿಯಿಂದಲೇ ಕಳ್ಳರಿಗೆ ಗುರಿ ಇಟ್ಟು ಹೊಡೆಯಬೇಕು. ರಾಜಾಸಾರಸ್ ಅಂತ ಡೈನೋಸಾರ್‌ಗಳ ನಡುವೆ ದೋಣಿ ಹೋಗುವ ರೈಡ್. ರಾಜಾಸಾರಸ್ ನಮ್ಮ ದೇಶದಲ್ಲೇ ಸಿಕ್ಕ ಪಳೆಯುಳಿಕೆಯ ಹೆಸರು, ಅದನ್ನು ಆರಿಸಿದ್ದಕ್ಕೇ ಮೆಚ್ಚಿಕೊಳ್ಳಬೇಕು.

ಇಲ್ಲಿನವರು ಸಾಮಾನ್ಯವಾಗಿ ಹೋಗುವುದು ಬಿಡದಿ ಅಥವಾ ಹೈದರಾಬಾದ್ ವಂಡರ್‌ಲಾಕ್ಕೆ. ಅಲ್ಲಿ ನೀರು, ಎತ್ತರದ ರೈಡ್ ಚೆನ್ನಾಗಿವೆ. ಕಥೆ ಹೇಳುವ ರೈಡ್ ಬೇಕು ಅನ್ನುವವರಿಗೆ ಹೊಟ್ಟೆ ತುಂಬುವುದಿಲ್ಲ.

ರಾಯಚೂರು_ಬಿಸಿಲು:
ಡಾರ್ಕ್ ರೈಡ್ ಅನ್ನು ಬೇರೆ ಎಲ್ಲಿ ಕಟ್ಟದಿದ್ದರೂ ರಾಯಚೂರಲ್ಲಿ ಕಟ್ಟಬೇಕು. ಕಥೆ ಇರಲಿ ಬಿಡಲಿ. ಮೇ ತಿಂಗಳ ಮಧ್ಯಾಹ್ನ ಕತ್ತಲು, ಎಸಿ, ಕೂರೋಕೆ ಸೀಟು. ದೆವ್ವ ಬಂದರೆ ಬರಲಿ, ಪಕ್ಕದಲ್ಲಿ ಕೂರಿಸಿಕೊಳ್ಳುತ್ತೇನೆ.

ಗಂಗಾವತಿ_ಮೇಷ್ಟ್ರು:
ತಮಾಷೆ ಇರಲಿ, ಕಥೆ ಏನು ಮಾಡುತ್ತೀರಿ? ಕಿಷ್ಕಿಂಧೆ ಅಂತ ಮಾತ್ರ ಹೇಳಬೇಡಿ. ಆನೆಗೊಂದಿಯ ಬೆಟ್ಟ ಎದುರಿಗೇ ಇರುವಾಗ ಫೈಬರ್ ಬಂಡೆ ಯಾರಿಗೆ ಬೇಕು? ಮೇಲಾಗಿ ಆ ಭಾಗ ಹಂಪಿಯ ಪಾರಂಪರಿಕ ಪ್ರದೇಶದ ಕಟ್ಟಳೆಗೆ ಬರುತ್ತದೆ.

ನನ್ನ ಆಯ್ಕೆ 1520ರ ರಾಯಚೂರು ಕಾಳಗ. ಕೃಷ್ಣದೇವರಾಯ ಒಂದು ಕಡೆ, ಇಸ್ಮಾಯಿಲ್ ಆದಿಲ್ ಶಾ ಇನ್ನೊಂದು ಕಡೆ. ಪೋರ್ಚುಗೀಸ್ ಬಂದೂಕಿನವರು ರಾಯನ ಪರ ನಿಂತು ಕೋಟೆಯ ಗೋಡೆಯ ಮೇಲಿನವರಿಗೆ ಗುರಿ ಇಟ್ಟ ಸಂಗತಿ ಅವರದೇ ದೇಶದ ನ್ಯೂನಿಜ್‌ನ ಬರಹದಲ್ಲಿದೆ. ಗಾಡಿಯನ್ನು ಕೋಟೆಗೋಡೆಯ ಬುಡದಲ್ಲಿ ಕರೆದುಕೊಂಡು ಹೋಗಿ, ಮೇಲೆ ಪಂಜಿನ ಬೆಳಕು, ಕೆಳಗೆ ಗುದ್ದಲಿಯ ಸದ್ದು.

ಹಟ್ಟಿ_ಪಾಳಿ:
ಮೇಷ್ಟ್ರೇ, ಕಾಳಗ ಎಲ್ಲ ಕಡೆ ಇದೆ. ಗಣಿ ಮಾಡಿ. ನಮ್ಮಲ್ಲಿ ಪುರಾತನ ಕಾಲದ ತೋಡು ಸಿಕ್ಕಿದ್ದವು. ಮದ್ದುಗುಂಡು ಇಲ್ಲದ ಕಾಲ. ಬಂಡೆಗೆ ಬೆಂಕಿ ಹಾಕಿ ಕಾಯಿಸಿ, ನೀರು ಸುರಿದು ಸೀಳುತ್ತಿದ್ದರು. ಆ ಹೊಗೆಯಲ್ಲಿ ಜನ ಹೇಗೆ ಕೆಲಸ ಮಾಡಿದರೋ. ಹತ್ತಿರದಲ್ಲೇ ಮಸ್ಕಿ ಇದೆ, 1915ರಲ್ಲಿ ಅಶೋಕನ ಹೆಸರಿರುವ ಶಾಸನ ಸಿಕ್ಕಿದ ಊರು. ಶಾಸನದಿಂದ ಶುರು ಮಾಡಿ ಗಣಿಯ ಲಿಫ್ಟ್ ಪಂಜರದಲ್ಲಿ ಕೆಳಗೆ ಇಳಿಸಿ. ಸಿಂಧನೂರು ಅಕ್ಕನಿಗೆ ಬೀಳೋಕೆ ಕಾರಣವೂ ಸಿಕ್ಕಿತು.

ಸಿಂಧನೂರು_ತಾಯಿ:
ನನಗಲ್ಲಪ್ಪಾ, ಬೆಳಕು ಅವರಿಗೆ ಕಾರಣ ಬೇಕಿದ್ದದ್ದು.

ಬಳ್ಳಾರಿ_ಬೆಳಕು:
ಗಣಿಗೆ ನನ್ನ ಮತ. ಬೆಂಕಿ, ಹೊಗೆ, ಒದ್ದೆ ಬಂಡೆಯ ಹೊಳಪು, ಕಾಲ ಬದಲಾದಂತೆ ಬದಲಾಗುವ ದೀಪ. ಪಂಜು, ಎಣ್ಣೆ ದೀಪ, ಕಾರ್ಬೈಡ್ ದೀಪ, ಎಲ್‌ಇಡಿ ಟೋಪಿ. ದೀಪಗಳಲ್ಲೇ ಕಥೆ ಹೇಳಬಹುದು. ಪರದೆ ಒಂದೂ ಬೇಡ.

ತೋರಣಗಲ್ಲು_ಪಾಳಿ:
ಕೆಂಪು ಧೂಳು ಮರೆಯಬೇಡಿ. ನಮ್ಮ ಕಡೆ ಸೆನ್ಸರ್ ಕಣ್ಣು ಒಂದು ವಾರ ಒರೆಸದಿದ್ದರೆ ಕುರುಡು. ಪ್ರೊಜೆಕ್ಟರ್ ಫಿಲ್ಟರ್ ಕಥೆ ಕೇಳಲೇಬೇಡಿ. ಪರದೆ ಬೇಡ ಅನ್ನುವುದಕ್ಕೆ ನನ್ನ ಕಾರಣ ಕಲೆ ಅಲ್ಲ, ಧೂಳು.

ಮೊರನಾಳ_ದಾರಿ:
ಪಂಚೆಯ ಪರದೆ ಆದರೆ ಒಗೆದು ಕಟ್ಟಬಹುದು. ಒಂದು ಕೋಣೆ ನಮಗೆ ಬಿಡಿ. ಒಳಗೆ ಮನುಷ್ಯರು ಕೂತು ಆಡಿಸಲಿ, ಗಾಡಿ ನಿಂತು ನೋಡಲಿ.

ತೋರಣಗಲ್ಲು_ಪಾಳಿ:
ನಿಂತರೆ ಹಿಂದಿನ ಗಾಡಿ ಏನು ಮಾಡಬೇಕು ಸ್ವಾಮಿ? ಅದಕ್ಕೂ ಒಂದು ಕೋಣೆ, ಒಂದು ತಂಡ ಬೇಕಾಗುತ್ತದೆ.

ಮೊರನಾಳ_ದಾರಿ:
ಎರಡು ತಂಡ ಇಡಿ. ಅಷ್ಟು ಜನಕ್ಕೆ ಕೆಲಸ ಸಿಗುತ್ತದೆ.

ಕೊಪ್ಪಳ_ಕೋಸ್ಟರ್:
ಇದು ಸಾಧ್ಯ ಕೂಡ. ಗಾಡಿಗಳನ್ನು ಎರಡು ದಾರಿಗೆ ಒಡೆದು ಮತ್ತೆ ಸೇರಿಸುವ ರೈಡ್‌ಗಳು ಇವೆ. ಹಳಿ ಇಲ್ಲದ ಗಾಡಿಗಳಿದ್ದರೆ ಇನ್ನೂ ಸುಲಭ.

ಮಾನ್‌ಸ್ಟರ್ಸ್ ವಿಷಯಕ್ಕೆ ಬಂದರೆ, ಇಷ್ಟು ಓದಿದ ಮೇಲೂ ನನ್ನದು ಮುಕ್ಕಾಲು ಹೌದು. ಪರದೆಗೆ ನಾನು ಅಂಕ ಕಳೆದಿಲ್ಲ. ಕಳೆದದ್ದು ಅವಸರಕ್ಕೆ. ತೋರಣಗಲ್ಲು ಅಣ್ಣ ಹೇಳಿದ ಗಾಡಿ ಲೆಕ್ಕ ಸರಿ ಇರಬಹುದು. ಆದರೆ ಆ ಲೆಕ್ಕ ಪಾರ್ಕ್‌ನವರದು, ನೋಡುವವನದಲ್ಲ.

ತೋರಣಗಲ್ಲು_ಪಾಳಿ:
ಕ್ಯೂನಲ್ಲಿ ನಿಂತವನೂ ನೋಡುವವನೇ ಅಲ್ವಾ?

ಸಿಂಧನೂರು_ತಾಯಿ:
ಜಗಳ ಆಮೇಲೆ ಆಡಿ. ನನ್ನ ತಮ್ಮ ಅಲ್ಲೇ ಇದ್ದಾನೆ, ಮುಂದಿನ ವರ್ಷ ಹೋಗುವ ಯೋಚನೆ ಇದೆ. ಮಗನ ಎತ್ತರ 44 ಇಂಚು. ಯಾವುದಕ್ಕೆ ಬಿಡುತ್ತಾರೆ?

ಕೊಪ್ಪಳ_ಕೋಸ್ಟರ್:
ಮಾನ್‌ಸ್ಟರ್ಸ್‌ಗೆ 48 ಇಂಚು ಬೇಕು ಅಕ್ಕಾ, ಬಿಡುವುದಿಲ್ಲ. ಅದೇ ಪಾರ್ಕ್‌ನ ಹ್ಯಾರಿ ಪಾಟರ್ ರೈಡ್ ಬ್ಯಾಟಲ್ ಅಟ್ ದ ಮಿನಿಸ್ಟ್ರಿಗೆ 40 ಸಾಕು. ಅಲ್ಲಿನ ಮಾರಿಯೋ ಕಾರ್ಟ್ ರೈಡ್‌ಗೂ 40. ಹೊರಡುವ ಮುಂಚೆ ಅವರ ವೆಬ್‌ಸೈಟ್‌ನಲ್ಲಿ ಇನ್ನೊಮ್ಮೆ ನೋಡಿಕೊಳ್ಳಿ. ನೀವು ಮಾನ್‌ಸ್ಟರ್ಸ್ ಹತ್ತಬೇಕು ಅಂದರೆ ಒಬ್ಬರು ಮಗುವಿನ ಜೊತೆ ಹೊರಗೆ ನಿಲ್ಲಬಹುದು. ಇಳಿದ ಮೇಲೆ ಅವರನ್ನು ಮತ್ತೆ ಪೂರ್ತಿ ಕ್ಯೂ ನಿಲ್ಲಿಸದೆ ಹತ್ತಿಸುವ ವ್ಯವಸ್ಥೆ ಇದೆ. ಸಿಬ್ಬಂದಿಯನ್ನು ಕೇಳಿ.

ಸಿಂಧನೂರು_ತಾಯಿ:
ಹಾಗಾದರೆ ಅವರಪ್ಪ ಹೊರಗೆ ನಿಲ್ಲಲಿ. ನಾನು ಮೊದಲು ಹತ್ತುತ್ತೇನೆ.